ಲಾಂಛನ: ಕನ್ನಡದಲ್ಲಿ ಗೌರವ, ಹಿಂದಿ-ಮರಾಠಿಯಲ್ಲಿ ಕಳಂಕ! ಒಂದೇ ಪದಕ್ಕೆ ಎರಡು ಅರ್ಥ ಬಂದಿದ್ದು ಹೇಗೆ?

ಕರ್ನಾಟಕ ಸರ್ಕಾರದ ಪತ್ರಗಳ ಮೇಲ್ಭಾಗದಲ್ಲಿರುವ ಗಂಡಭೇರುಂಡಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ? ರಾಜ್ಯ ಲಾಂಛನ. ಪತ್ರಿಕೆ ಓದುವ ಯಾರನ್ನು ಕೇಳಿದರೂ ಇದೇ ಉತ್ತರ ಬರುತ್ತದೆ. ಆದರೆ ದೆಹಲಿಯ ಕಚೇರಿಯಲ್ಲೋ, ಮುಂಬೈನ ಲೋಕಲ್ ರೈಲಿನಲ್ಲೋ ಪಕ್ಕದವರಿಗೆ 'ಯೇ ಹಮಾರೇ ರಾಜ್ಯ ಕಾ ಲಾಂಛನ್ ಹೈ' ಎಂದು ಹೆಮ್ಮೆಯಿಂದ ಹೇಳಿ ನೋಡಿ. ಕೇಳಿದವರು ಹುಬ್ಬೇರಿಸುತ್ತಾರೆ. ಏಕೆಂದರೆ ಅವರಿಗೆ ಕೇಳಿಸಿದ್ದು 'ಇದು ನಮ್ಮ ರಾಜ್ಯಕ್ಕೆ ಅಂಟಿದ ಕಳಂಕ' ಎಂದು.

ಹಿಂದಿಯಲ್ಲಿ 'ಲಾಂಛನ್ ಲಗಾನಾ' ಎಂದರೆ ಒಬ್ಬರ ಮೇಲೆ ಅಪವಾದ ಹೊರಿಸುವುದು. ಮರಾಠಿ ಪತ್ರಿಕೆಗಳಲ್ಲಿ 'ಲಾಂಛನಾಸ್ಪದ ಘಟನಾ' ಎಂದು ತಲೆಬರಹ ಬಂದರೆ ಅಲ್ಲಿ ನಾಚಿಕೆಗೇಡಿನ ಘಟನೆಯೊಂದು ನಡೆದಿದೆ ಎಂದೇ ಅರ್ಥ. ಹೊರರಾಜ್ಯದ ಕನ್ನಡ ಸಂಘವೊಂದು ತನ್ನ ಹೊಸ ಲಾಂಛನ ಬಿಡುಗಡೆಯ ಆಮಂತ್ರಣವನ್ನು ಎರಡು ಭಾಷೆಗಳಲ್ಲಿ ಅಚ್ಚು ಹಾಕಿಸುವಾಗ ಈ ಪದವನ್ನು ದೇವನಾಗರಿಯಲ್ಲಿ ಹಾಗೆಯೇ ಬರೆದರೆ ಸಂಘದ ಮಾನ ಹೋದಂತೆಯೇ!

ಹಾಗಾದರೆ ಯಾರು ಸರಿ? ಯಾವ ಭಾಷೆ ಮೂಲ ಅರ್ಥವನ್ನು ಉಳಿಸಿಕೊಂಡಿದೆ? ಇಲ್ಲಿದೆ ಈ ಪದದ ಕಥೆ.

ಮೂಲದಲ್ಲಿ ಇದು ಬರೀ 'ಗುರುತು'

ಲಾಂಛನ ಸಂಸ್ಕೃತ ಪದ. ಗುರುತು ಮಾಡು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಗುರುತು ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಈ ಪದದ ಒಳಗೆ ಮೂಲತಃ ಇರಲಿಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ಎಂದರೆ ಅಮರಸಿಂಹನ ಅಮರಕೋಶ. ಅದು ಕಳಂಕ, ಅಂಕ, ಲಾಂಛನ, ಚಿಹ್ನ, ಲಕ್ಷ್ಮ, ಲಕ್ಷಣ ಎಂಬ ಆರು ಪದಗಳನ್ನು ಒಂದೇ ಸಾಲಿನಲ್ಲಿ ಸಮಾನಾರ್ಥಕಗಳಾಗಿ ಕೊಡುತ್ತದೆ. ಅಂದರೆ ಕಳಂಕವೂ ಲಾಂಛನವೂ ಒಂದು ಕಾಲದಲ್ಲಿ ಅಕ್ಕಪಕ್ಕ ಕುಳಿತ ಅಣ್ಣತಮ್ಮಂದಿರು! ಈ ಪಟ್ಟಿ ಬರುವುದು ಚಂದ್ರನ ಬಗ್ಗೆ ಹೇಳುವ ಭಾಗದಲ್ಲಿ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಚಂದ್ರನ ಮೇಲಿನ ಕಪ್ಪು ಕಲೆಯೇ ಲಾಂಛನ. ಅದು ಮೊಲದಂತೆ ಕಂಡವರಿಗೆ ಚಂದ್ರ 'ಶಶಲಾಂಛನ', ಜಿಂಕೆಯಂತೆ ಕಂಡವರಿಗೆ 'ಮೃಗಲಾಂಛನ'.

ಚಂದ್ರನ ಕಲೆ ಅಂದವೋ ದೋಷವೋ? ಕವಿಗಳು ಎರಡನ್ನೂ ಹೇಳಿದ್ದಾರೆ. ಆ ಕಲೆ ಚಂದ್ರನ ಸೊಬಗನ್ನು ಹೆಚ್ಚಿಸುತ್ತದೆ ಎಂಬ ಮಾತು ಕಾಳಿದಾಸನ ಶಾಕುಂತಲ ನಾಟಕದಲ್ಲೇ ಇದೆ. ಇನ್ನು ವಿಷ್ಣುವಿನ ಎದೆಯ ಮೇಲಿನ ಶ್ರೀವತ್ಸ ಎಂಬ ಗುರುತಿನಿಂದಾಗಿ ಆತ 'ಶ್ರೀವತ್ಸಲಾಂಛನ'. ಅಲ್ಲಿ ದೋಷದ ಮಾತೇ ಇಲ್ಲ.

ಆ ಆರು ಪದಗಳು ಕನ್ನಡದಲ್ಲಿ ಈಗ ಏನಾಗಿವೆ ಎಂದು ನೋಡಿದರೆ ಇನ್ನಷ್ಟು ಅಚ್ಚರಿಯಾಗುತ್ತದೆ. ಕಳಂಕ ಪೂರ್ತಿ ಕೆಟ್ಟದ್ದಾಯಿತು. ಅಂಕ ಪರೀಕ್ಷೆಯ ಮಾರ್ಕ್ಸ್ ಆಯಿತು, ಅದರಿಂದಲೇ ಬಂದ ಅಂಕಿತ ವಚನಕಾರರ ಮುದ್ರಿಕೆಯೂ ಆಯಿತು, ಮಸೂದೆಗೆ ರಾಜ್ಯಪಾಲರು ಹಾಕುವ ಸಹಿಯೂ ಆಯಿತು. ಚಿಹ್ನೆ ಚುನಾವಣೆಗೆ ಹೋಯಿತು. ಲಕ್ಷಣ ಮಾತ್ರ ಎರಡು ದೋಣಿಯಲ್ಲಿ ಕಾಲಿಟ್ಟಿದೆ: 'ಹುಡುಗಿ ಲಕ್ಷಣವಾಗಿದ್ದಾಳೆ' ಎನ್ನುವುದೂ ಅದರಲ್ಲೇ, 'ಡೆಂಗಿ ಜ್ವರದ ಲಕ್ಷಣ' ಎನ್ನುವುದೂ ಅದರಲ್ಲೇ. ಲಾಂಛನಕ್ಕೆ ಕನ್ನಡದಲ್ಲಿ ಸಿಕ್ಕಿದ್ದು ಸಿಂಹಾಸನ.

ಗುರುತು ಕಳಂಕವಾಗಿದ್ದು ಏಕೆ?

ಗುರುತು ಹಾಕುವುದು ಎಂದರೆ ಹಿಂದೆ ಬಣ್ಣ ಬಳಿಯುವುದಲ್ಲ, ಬರೆ ಎಳೆಯುವುದು ಅಥವಾ ಕಿವಿ ಕತ್ತರಿಸುವುದು. ದನ ಯಾರದ್ದೆಂದು ತಿಳಿಯಲು ಕಿವಿಯ ಮೇಲೆ ಗುರುತು ಮಾಡುವ ಪದ್ಧತಿ ಪಾಣಿನಿಯ ಕಾಲಕ್ಕೇ ಇತ್ತು. ಅಷ್ಟಾಧ್ಯಾಯಿಯ ಒಂದು ಸೂತ್ರ ಇಂಥ ಕಿವಿ ಗುರುತುಗಳನ್ನು ಹೆಸರಿಸುತ್ತದೆ. ಎಂಟರ ಗುರುತು, ಐದರ ಗುರುತು, ತೂತು, ಸೀಳು, ಸ್ವಸ್ತಿಕ ಎಲ್ಲವೂ ಅದರಲ್ಲಿವೆ.

ದನಕ್ಕೆ ಹಾಕಿದ ಗುರುತು ಒಡೆತನದ್ದು. ಅದೇ ಗುರುತು ಮನುಷ್ಯನ ಹಣೆಗೆ ಬಿದ್ದರೆ? ಕೆಲವು ಅಪರಾಧಗಳಿಗೆ ಹಣೆಯ ಮೇಲೆ ಬರೆ ಹಾಕಬೇಕೆಂದು ಮನುಸ್ಮೃತಿ ಹೇಳುತ್ತದೆ. ಕಳ್ಳತನಕ್ಕೆ ನಾಯಿಯ ಪಾದ, ಸುರಾಪಾನಕ್ಕೆ ಹೆಂಡದಂಗಡಿಯ ಬಾವುಟ. ನೋಡಿದವರಿಗೆಲ್ಲ ಇವನು ಇಂಥವನು ಎಂದು ತಿಳಿಯಬೇಕು, ಅದಕ್ಕೆ. ಗುರುತು ಎಂಬ ಅರ್ಥದ ಪದವೊಂದು ಮೆಲ್ಲಗೆ ಕಳಂಕದ ಕಡೆಗೆ ವಾಲಲು ಇಂಥ ಜಗತ್ತು ಸಾಕು.

ಇದು ಭಾರತೀಯ ಭಾಷೆಗಳಿಗಷ್ಟೇ ಸೀಮಿತವಲ್ಲ. ಇಂಗ್ಲಿಷಿನ 'ಸ್ಟಿಗ್ಮಾ' ಕೂಡ ಗ್ರೀಕ್ ಭಾಷೆಯಲ್ಲಿ ಗುಲಾಮರ, ಅಪರಾಧಿಗಳ ಮೈಮೇಲೆ ಚುಚ್ಚುತ್ತಿದ್ದ ಗುರುತು. ಇವತ್ತು ಅದು ಸಾಮಾಜಿಕ ಕಳಂಕ. ಅತ್ತ ಲ್ಯಾಟಿನ್ನಿನಲ್ಲಿ ಗುರುತು ಎಂಬ ಅರ್ಥದ 'ಸಿಗ್ನಂ' ಪದದಿಂದ ಬಂದ 'ಇನ್‌ಸಿಗ್ನಿಯಾ' ಸೇನಾಧಿಕಾರಿಯ ಭುಜದ ಮೇಲೆ ಮಿಂಚುತ್ತಿದೆ. ಹಿಂದಿಯ ಲಾಂಛನ್ ಹೋಗಿದ್ದು ಸ್ಟಿಗ್ಮಾದ ದಾರಿಯಲ್ಲಿ, ಕನ್ನಡದ ಲಾಂಛನ ಬಂದಿದ್ದು ಇನ್‌ಸಿಗ್ನಿಯಾದ ದಾರಿಯಲ್ಲಿ.

ತಾಮ್ರಪಟದ ಉಂಗುರದಲ್ಲಿದ್ದ ಅಧಿಕಾರ

ಕನ್ನಡದಲ್ಲಿ ಈ ಪದ ಗೌರವ ಉಳಿಸಿಕೊಳ್ಳಲು ಕಾರಣ ಹುಡುಕಿದರೆ ಕಣ್ಣಿಗೆ ಬೀಳುವುದು ಶಾಸನಗಳು. ಇಲ್ಲಿನ ಅರಸರು ತಮ್ಮ ಬಿರುದುಗಳ ಸಾಲಿನಲ್ಲಿ ಲಾಂಛನವನ್ನು ಹೆಸರಿಡಿದು ಹೇಳಿಕೊಳ್ಳುತ್ತಿದ್ದರು.

ಬಾದಾಮಿ ಚಾಲುಕ್ಯರದ್ದು ವರಾಹ. ನಾರಾಯಣನ ಪ್ರಸಾದವಾಗಿ ತಮಗೆ ವರಾಹ ಲಾಂಛನ ದಕ್ಕಿತೆಂದೂ, ಅದನ್ನು ಕಂಡ ಕ್ಷಣವೇ ಉಳಿದ ರಾಜರು ವಶವಾಗುತ್ತಾರೆಂದೂ ಅವರ ತಾಮ್ರಶಾಸನಗಳು ಮತ್ತೆ ಮತ್ತೆ ಕೊಚ್ಚಿಕೊಳ್ಳುತ್ತವೆ. ಗಂಗರದ್ದು ಮದಗಜ. ರಾಷ್ಟ್ರಕೂಟರದ್ದು ಗರುಡ. ಕದಂಬರದ್ದು ಸಿಂಹ. ದೇವಗಿರಿಯ ಸೇವುಣರದ್ದೂ ಗರುಡವೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಲಾಂಛನ ಬೇರೆ, ಧ್ವಜ ಬೇರೆ. ಹಾನಗಲ್ಲು ಮತ್ತು ಗೋವೆಯ ಕದಂಬರಿಗೆ ಸಿಂಹ ಲಾಂಛನವಾದರೆ ಬಾವುಟದಲ್ಲಿ ಇದ್ದದ್ದು ವಾನರ. ಸವದತ್ತಿಯ ರಟ್ಟರಿಗೆ ಆನೆ ಲಾಂಛನ, ಬಂಗಾರದ ಗರುಡ ಧ್ವಜ. ಇಂದಿನ ಎಷ್ಟೋ ಬರಹಗಳಲ್ಲಿ 'ರಾಜಲಾಂಛನ' ಮತ್ತು 'ರಾಜಧ್ವಜ' ಎರಡನ್ನೂ ಒಂದೇ ಎಂಬಂತೆ ಬಳಸಲಾಗುತ್ತದೆ. ಶಾಸನ ಬರೆಸಿದವರಿಗೆ ಆ ಗೊಂದಲ ಇರಲಿಲ್ಲ.

ಧ್ವಜ ಯುದ್ಧಕ್ಕೆ, ಮೆರವಣಿಗೆಗೆ. ಲಾಂಛನದ ಕೆಲಸ ಕಾಗದಪತ್ರದ್ದು, ಅಂದರೆ ಆಗಿನ ತಾಮ್ರಪತ್ರದ್ದು. ಅರಸ ಒಂದು ಊರನ್ನೋ ಹೊಲವನ್ನೋ ದಾನ ಕೊಟ್ಟರೆ ಅದನ್ನು ತಾಮ್ರದ ಹಲಗೆಗಳ ಮೇಲೆ ಕೊರೆಸುತ್ತಿದ್ದರು. ಹಲಗೆಗಳ ಒಂದು ಬದಿಯಲ್ಲಿ ತೂತು ಮಾಡಿ, ತಾಮ್ರದ ಬಳೆಯೊಂದನ್ನು ಪೋಣಿಸಿ, ಬಳೆಯ ಎರಡು ತುದಿಗಳು ಸೇರುವ ಜಾಗವನ್ನು ಮುದ್ರೆಯೊಳಗೆ ಬೆಸೆಯುತ್ತಿದ್ದರು. ಆ ಮುದ್ರೆಯ ಮೇಲೆ ಮೂಡಿರುತ್ತಿದ್ದುದೇ ವರಾಹ ಅಥವಾ ಗರುಡ ಅಥವಾ ಆನೆ. ನಡುವೆ ಒಂದು ಹಲಗೆ ಬದಲಿಸಬೇಕೆಂದರೆ ಬಳೆ ಕತ್ತರಿಸಲೇಬೇಕು. ಕತ್ತರಿಸಿದರೆ ಗೊತ್ತಾಗಿಬಿಡುತ್ತದೆ. ಇವತ್ತಿನ ದಾಖಲೆಗಳ ಹೊಲೊಗ್ರಾಂ ಮಾಡುವ ಕೆಲಸವನ್ನೇ ಆ ಹಂದಿಯ ಚಿತ್ರ ಮಾಡುತ್ತಿತ್ತು. ದಾನ ಪಡೆದ ಕುಟುಂಬಕ್ಕೆ ಮೂರು ತಲೆಮಾರು ಕಳೆದ ಮೇಲೂ ಜಮೀನಿನ ಹಕ್ಕು ಉಳಿಯಬೇಕಾದರೆ ಆ ಗುರುತು ಅಳಿಸದೆ ಇರಬೇಕಿತ್ತು. ಇಂಥ ಪದ ಕಳಂಕವಾಗಲು ಸಾಧ್ಯವೇ?

ಲಾಂಛನ ನಾಣ್ಯಕ್ಕೂ ಇಳಿಯಿತು. 'ವರಾಹ' ಎಂಬ ಚಿನ್ನದ ನಾಣ್ಯದ ಹೆಸರು ಬಂದಿದ್ದು ಚಾಲುಕ್ಯರ ಹಂದಿಯ ಗುರುತಿನಿಂದ. ಮುಂದೆ ವಿಜಯನಗರದ ಕಾಲದಲ್ಲಿ ನಾಣ್ಯದ ಮೇಲಿನ ಚಿತ್ರಗಳು ಬದಲಾದವು. ಅಚ್ಯುತರಾಯನ ನಾಣ್ಯಗಳಲ್ಲಂತೂ ಗಂಡಭೇರುಂಡ ಕಾಣಿಸಿಕೊಂಡಿತು. ಆದರೂ ಜನ ಅದನ್ನು ವರಾಹ ಎಂದೇ ಕರೆದರು. ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ವರಂಗಲ್ಲಿನ ಕಾಕತೀಯರೂ ವರಾಹವನ್ನೇ ಲಾಂಛನವಾಗಿ ಬಳಸಿದರು. ಒಡೆಯ ಹೋದರೂ ಒಡೆಯನ ಗುರುತಿಗೆ ಬೆಲೆ ಹೋಗಲಿಲ್ಲ.

ಹೊಯ್ಸಳರದ್ದು ಎಲ್ಲರಿಗೂ ಗೊತ್ತಿರುವ ಕಥೆ. ಸೊಸೆವೂರಿನಲ್ಲಿ, ಅಂದರೆ ಈಗಿನ ಮೂಡಿಗೆರೆ ತಾಲೂಕಿನ ಅಂಗಡಿಯಲ್ಲಿ, ಮುನಿಯ ಮಾತಿನಂತೆ ಸಳ ಹುಲಿಯನ್ನು ಹೊಡೆದ ಎಂಬ ಐತಿಹ್ಯ. ಬೇಲೂರಿನಲ್ಲಿ ಆ ಶಿಲ್ಪದ ಮುಂದೆ ನಿಂತವರು ಅದು ಹುಲಿಯೋ ಸಿಂಹವೋ ಎಂದು ಇವತ್ತಿಗೂ ವಾದ ಮಾಡುತ್ತಾರೆ.

ಜಿನನ ಪೀಠದಲ್ಲಿ, ಶರಣರ ಮೈಮೇಲೆ

ಅರಮನೆಯಷ್ಟೇ ಅಲ್ಲ, ಬಸದಿಯೂ ಈ ಪದವನ್ನು ಕಾಪಾಡಿತು. ಜೈನರ 24 ತೀರ್ಥಂಕರರ ಮೂರ್ತಿಗಳು ಮುಖಭಾವದಲ್ಲಿ, ನಿಲುವಿನಲ್ಲಿ ಬಹುತೇಕ ಒಂದೇ ತರಹ. ಯಾರ ಮೂರ್ತಿ ಎಂದು ತಿಳಿಯಬೇಕಾದರೆ ಪೀಠದ ಮೇಲಿನ ಗುರುತು ನೋಡಬೇಕು. ಅದಕ್ಕೆ ಜೈನ ಪರಂಪರೆಯಲ್ಲಿ ಲಾಂಛನ ಎಂದೇ ಹೆಸರು. ಎತ್ತು ಇದ್ದರೆ ಆದಿನಾಥ, ಶಂಖ ಇದ್ದರೆ ನೇಮಿನಾಥ, ಸರ್ಪ ಇದ್ದರೆ ಪಾರ್ಶ್ವನಾಥ, ಸಿಂಹ ಇದ್ದರೆ ಮಹಾವೀರ. ಅಂದಹಾಗೆ ಶ್ರವಣಬೆಳಗೊಳದ ಗೊಮ್ಮಟನಿಗೆ ಲಾಂಛನವಿಲ್ಲ. ಬಾಹುಬಲಿ ತೀರ್ಥಂಕರನಲ್ಲ. ಆತನನ್ನು ಗುರುತಿಸುವುದು ಕೈಕಾಲಿಗೆ ಹಬ್ಬಿದ ಬಳ್ಳಿಯಿಂದ.

12ನೇ ಶತಮಾನದ ವಚನಗಳಿಗೆ ಬಂದರೆ ಲಾಂಛನ ಮೈಮೇಲೆ ಧರಿಸುವ ವಸ್ತುವಾಗುತ್ತದೆ. ವಿಭೂತಿ, ರುದ್ರಾಕ್ಷಿ ಮುಂತಾದ ಭಕ್ತಿಯ ಗುರುತುಗಳನ್ನು ತೊಟ್ಟವನು ಲಾಂಛನಧಾರಿ. ಅಂಥವರಿಗೆ ಶರಣೆನ್ನುವ ವಚನಗಳೂ ಇವೆ, ಹೊಟ್ಟೆಪಾಡಿಗಾಗಿ ಲಾಂಛನ ತೊಟ್ಟವರನ್ನು ಝಾಡಿಸುವ ವಚನಗಳೂ ಇವೆ. ಗಮನಿಸಬೇಕಾದ್ದು ಇಷ್ಟು: ಆ ಟೀಕೆಯಲ್ಲಿ ಕೂಡ ತಪ್ಪು ಲಾಂಛನದ್ದಲ್ಲ, ಅದಕ್ಕೆ ತಕ್ಕಂತೆ ನಡೆಯದವನದ್ದು.

ಪಕ್ಕದ ಮನೆಗಳಲ್ಲಿ ಏನಾಗಿದೆ?

ಹೈದರಾಬಾದಿನಲ್ಲಿರುವ ಕನ್ನಡಿಗರು ಗಣ್ಯರು ತೀರಿಕೊಂಡಾಗ ತೆಲುಗು ವಾಹಿನಿಗಳಲ್ಲಿ 'ಅಧಿಕಾರ ಲಾಂಛನಾಲತೋ ಅಂತ್ಯಕ್ರಿಯಲು' ಎಂಬ ಸಾಲು ಓಡುವುದನ್ನು ನೋಡಿರುತ್ತಾರೆ. ನಮ್ಮಲ್ಲಿ 'ಸಕಲ ಸರ್ಕಾರಿ ಗೌರವಗಳೊಂದಿಗೆ' ಎನ್ನುತ್ತೇವಲ್ಲ, ಅದು. ತೆಲುಗಿನಲ್ಲಿ ಲಾಂಛನ ಎಂದರೆ ಗೌರವದ ವಿಧಿ, ಔಪಚಾರಿಕತೆ. 'ಲಾಂಛನಂಗಾ ಪ್ರಾರಂಭಿಂಚಾರು' ಎಂದರೆ ವಿಧ್ಯುಕ್ತವಾಗಿ ಉದ್ಘಾಟಿಸಿದರು. ಮದುವೆಯಲ್ಲಿ ಗಂಡಿನ ಕಡೆಯವರಿಗೆ ಸಲ್ಲಬೇಕಾದ ಉಡುಗೊರೆಗೂ ಲಾಂಛನಾಲು ಎಂದೇ ಹೆಸರು. ಛತ್ರ, ಚಾಮರದಂಥ ರಾಜಚಿಹ್ನೆಗಳಿಂದ ರಾಜಮರ್ಯಾದೆಗೆ, ಅಲ್ಲಿಂದ ಬೀಗರ ಮರ್ಯಾದೆಗೆ ಪದ ಇಳಿದಿರಬೇಕು. ಮದುವೆ ಮನೆಯಲ್ಲಿ ಬೀಗರೇ ರಾಜರು ತಾನೇ!

ಚೆನ್ನೈಗೆ ಬಂದರೆ ಪದ ಗುರುತೇ ಸಿಗದಷ್ಟು ವೇಷ ಬದಲಿಸಿದೆ. ತಮಿಳಿನಲ್ಲಿ ಮುದ್ರೆ, ಲಾಂಛನ ಎಂಬ ಅರ್ಥಕ್ಕೆ 'ಇಲಚ್ಚಿನೈ' ಎಂಬ ಪದವಿದೆ. ಅದು ನಮ್ಮ ಲಾಂಛನವೇ. ಪದದ ಮೊದಲಿಗೆ 'ಲ' ಬಂದರೆ ಮುಂದೆ 'ಇ' ಸೇರಿಸುವುದು ತಮಿಳಿನ ರೂಢಿ, ಮಹಾಪ್ರಾಣ ಅದಕ್ಕೆ ಬೇಡ. ಗೋಪುರವಿರುವ ತಮಿಳುನಾಡಿನ ರಾಜ್ಯ ಲಾಂಛನಕ್ಕೂ ಈ ಪದ ಬಳಕೆಯಾಗುತ್ತದೆ. ಸಮುದ್ರದಾಚೆ ಸಿಂಹಳ ಭಾಷೆಯಲ್ಲೂ 'ಲಾಂಛನಯ' ಎಂದರೆ ಗೌರವದ ಲಾಂಛನವೇ. ಮಲಯಾಳಂನಲ್ಲಿ ಲಾಂಛನ ಎಂದರೆ ಸುಳಿವು, ಛಾಯೆ.

ಉತ್ತರಕ್ಕೆ ಹೋದಷ್ಟೂ ಪದ ಕಹಿಯಾಗುತ್ತದೆ. ಬಂಗಾಳಿಯಲ್ಲಿ 'ಲಾಂಛನಾ' ಎಂದರೆ ಅವಮಾನ, 'ಲಾಂಛಿತ' ಎಂದರೆ ಅವಮಾನಕ್ಕೊಳಗಾದವ. ಹೀಗೆ ನೋಡಿದರೆ ಕನ್ನಡ, ತಮಿಳು, ತೆಲುಗು, ಸಿಂಹಳ ಒಂದು ಕಡೆ, ಹಿಂದಿ, ಮರಾಠಿ, ಬಂಗಾಳಿ ಇನ್ನೊಂದು ಕಡೆ. ಮುಂಬೈ, ಪುಣೆಯ ಕನ್ನಡಿಗರು ನಿಂತಿರುವುದು ಗಡಿಯ ಆಚೆ. ಅಲ್ಲಿ 'ಬೋಧಚಿಹ್ನ' ಅಥವಾ 'ರಾಜಮುದ್ರಾ' ಎನ್ನುವುದು ಕ್ಷೇಮ. ಹಿಂದಿಯಲ್ಲಾದರೆ 'ರಾಜಚಿಹ್ನ' ಅಥವಾ 'ಪ್ರತೀಕ ಚಿಹ್ನ'.

ಬಿಲ್ಲೆ, ಡವಾಲಿ, ಚಪರಾಸಿ

ಲಾಂಛನ ರಾಜ್ಯದ್ದು, ಮಠದ್ದು, ಸಂಸ್ಥೆಯದ್ದು. ಆದರೆ ಅದೇ ಗುರುತನ್ನು ಹಿತ್ತಾಳೆಯ ತಗಡಿಗೆ ಹಾಕಿ ಆಳಿನ ಎದೆಗೆ ಸಿಕ್ಕಿಸಿದಾಗ ಯಾರೂ ಅದನ್ನು ಲಾಂಛನ ಎನ್ನಲಿಲ್ಲ. ಅದಕ್ಕೆ ಜನ ಇಟ್ಟ ಹೆಸರು ಬಿಲ್ಲೆ. ದುಂಡಗಿನ, ತೆಳುವಾದ ತುಂಡು ಎಂಬುದು ಅದರ ಅರ್ಥ. ಜಡೆಬಿಲ್ಲೆ ಎಂಬ ಒಡವೆಯೂ ಇದೇ ಬಿಲ್ಲೆ. ತಮಿಳಿನ 'ವಿಲ್ಲೈ', ಹಿಂದಿ-ಮರಾಠಿಯ 'ಬಿಲ್ಲಾ' ಕೂಡ ಇದೇ ವಸ್ತು. 1975ರ 'ದೀವಾರ್' ಸಿನಿಮಾದಲ್ಲಿ ಬಾಂಬೆ ಗೋದಿಯ ಕೂಲಿಯಾಗಿದ್ದ ಅಮಿತಾಭ್ ಬಚ್ಚನ್ ತೋಳಿನಲ್ಲಿದ್ದ 786 ನಂಬರಿನ ಬಿಲ್ಲಾ ಯಾರಿಗೆ ನೆನಪಿಲ್ಲ?

ಈ ಬಿಲ್ಲೆಯನ್ನು ಸಿಕ್ಕಿಸಿದ, ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಬರುವ ಪಟ್ಟಿಯೇ ಡವಾಲಿ. ಪರ್ಷಿಯನ್ನಿನಲ್ಲಿ 'ದವಾಲ್' ಎಂದರೆ ತೊಗಲಿನ ಪಟ್ಟಿ. ಕನ್ನಡ, ತಮಿಳು ಎರಡರಲ್ಲೂ ಪದ ಉಳಿದಿದೆ.

ಇನ್ನೂ ವಿಚಿತ್ರವೆಂದರೆ ಈ ವಸ್ತುಗಳೇ ಅವನ್ನು ತೊಟ್ಟ ಮನುಷ್ಯರ ಹೆಸರಾಗಿದ್ದು. ಉತ್ತರ ಭಾರತದಲ್ಲಿ ಕಚೇರಿಯ ಹೆಸರು ಕೆತ್ತಿದ ಹಿತ್ತಾಳೆ ಬಿಲ್ಲೆ 'ಚಪರಾಸ್', ಅದನ್ನು ಧರಿಸಿದವ ಚಪರಾಸಿ. ಎಡ-ಬಲ ಎಂಬ ಅರ್ಥದ 'ಚಪ್-ಓ-ರಾಸ್ತ್' ಎಂಬ ಪರ್ಷಿಯನ್ ಮಾತೇ ಇದರ ಮೂಲ ಎಂದು ನಿಘಂಟುಕಾರರು ಹೇಳುತ್ತಾರೆ. ಮುಂಬೈ ಪ್ರಾಂತ್ಯದಲ್ಲಿ ಬಿಲ್ಲೆಗಿಂತ ಪಟ್ಟಿಯೇ ಮುಖ್ಯವಾಯಿತು, ಹಾಗಾಗಿ ಅಲ್ಲಿ ಅವನು ಪಟ್ಟೇವಾಲಾ. ಮದ್ರಾಸಿನಲ್ಲಿ ಪೋರ್ಚುಗೀಸರ ಕಾಲಾಳಿನ ಹೆಸರಿನಿಂದ ಬಂದ ಪ್ಯೂನ್. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಈಗಲೂ ಹುದ್ದೆಯ ಹೆಸರಾಗಿರುವ ದಲಾಯತ್ ಮೂಲತಃ ಗುರಾಣಿ, ಅಂದರೆ ಢಾಲ್ ಹಿಡಿದವನು. ಗುರಾಣಿ ಹೋಗಿ ಫೈಲು ಬಂದರೂ ಹೆಸರು ಹೋಗಿಲ್ಲ. ಕಚೇರಿಯೊಳಗಿನ ಅಧಿಕಾರಿಗೆ ಗುರುತು ಬೇಕಿರಲಿಲ್ಲ, ಬಾಗಿಲಲ್ಲಿ ನಿಂತವನಿಗೆ ಗುರುತೇ ಹೆಸರಾಯಿತು.

ಈಗ ಯಾವುದಕ್ಕೆ ಯಾವ ಪದ?

ಸಾರನಾಥದ ಅಶೋಕ ಸ್ತಂಭದ ಸಿಂಹಗಳನ್ನು ಭಾರತ 1950ರ ಜನವರಿ 26ರಂದು ರಾಷ್ಟ್ರ ಲಾಂಛನವಾಗಿ ಸ್ವೀಕರಿಸಿತು. ಅದನ್ನು ಖಾಸಗಿಯಾಗಿ ಬಳಸುವುದನ್ನು ತಡೆಯಲು 2005ರ ಕಾಯ್ದೆ ಇದೆ, ಉಲ್ಲಂಘಿಸಿದರೆ ಜೈಲು ಶಿಕ್ಷೆಗೂ ಅವಕಾಶವಿದೆ. ಕಾರಿನ ಗಾಜಿಗೆ, ಲೆಟರ್‌ಹೆಡ್ಡಿಗೆ ಸಿಂಹಗಳನ್ನು ಅಂಟಿಸಿಕೊಳ್ಳುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಕರ್ನಾಟಕದ ಲಾಂಛನ ಮೈಸೂರು ಸಂಸ್ಥಾನದಿಂದ ಬಂದದ್ದು. ನಡುವೆ ಕೆಂಪು ಗುರಾಣಿಯ ಮೇಲೆ ಎರಡು ತಲೆಯ ಗಂಡಭೇರುಂಡ, ಅಕ್ಕಪಕ್ಕ ಆನೆಯ ಸೊಂಡಿಲು ಮತ್ತು ಸಿಂಹದ ಮೈ ಇರುವ ಪ್ರಾಣಿಗಳು, ಮೇಲೆ ಅಶೋಕನ ಸಿಂಹಗಳು, ಕೆಳಗೆ 'ಸತ್ಯಮೇವ ಜಯತೇ'. ಗಂಡಭೇರುಂಡ ಮೈಸೂರಿಗಿಂತ ಬಹಳ ಹಳೆಯದು. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವಿದೆ. ಪುಣೆ, ಚೆನ್ನೈ, ಹೈದರಾಬಾದಿನ ಬಸ್ ನಿಲ್ದಾಣದಲ್ಲಿ ಕೆಎಸ್‌ಆರ್‌ಟಿಸಿ ಬಸ್ಸಿನ ಮೈಮೇಲೆ ಕಾಣುವುದೂ ಇದೇ ಹಕ್ಕಿ.

ಬಳಕೆಯಲ್ಲಿ ಒಂದಿಷ್ಟು ಎಚ್ಚರ ಬೇಕು. ಪಕ್ಷದ್ದು ಚುನಾವಣಾ ಚಿಹ್ನೆ, ಲಾಂಛನವಲ್ಲ. ಕಚೇರಿಯ ರಬ್ಬರ್ ಸ್ಟಾಂಪು ಮುದ್ರೆ ಅಥವಾ ಮೊಹರು. ಶಾಲಾ ಮಕ್ಕಳ ಅಂಗಿಯ ಮೇಲಿನದ್ದು ಬ್ಯಾಡ್ಜ್, ಅದನ್ನು ಲಾಂಛನ ಎಂದು ಭಾರ ಮಾಡುವುದು ಬೇಡ. ಕಂಪನಿಯ ಲೋಗೋ, ಕ್ರೀಡಾಕೂಟದ ಲೋಗೋಗೆ ಲಾಂಛನ ಎನ್ನುವುದು ಈಗ ರೂಢಿಯಾಗಿದೆ, ತಪ್ಪೇನಿಲ್ಲ.

ಕಾಗುಣಿತದಲ್ಲಿ 'ಲಾಂಚನ' ಎಂದು ಅಲ್ಪಪ್ರಾಣದಲ್ಲಿ ಬರೆಯುವುದು ಹೆಚ್ಚುತ್ತಿದೆ. 'ಲಾಂಛನ ಲಾಂಚ್' ಎಂಬ ಪ್ರಾಸದ ತಲೆಬರಹಗಳೂ ಇದಕ್ಕೆ ತಮ್ಮ ಕೊಡುಗೆ ಕೊಟ್ಟಿವೆ. ಇಂಗ್ಲಿಷಿನ ಲಾಂಚ್‌ಗೂ ಈ ಪದಕ್ಕೂ ನೆಂಟಸ್ತಿಕೆ ಇಲ್ಲ. ಸರಿಯಾದ ರೂಪ 'ಛ' ಇರುವ ಲಾಂಛನ. ದೇವನಾಗರಿಯಲ್ಲೂ ಅದೇ ಅಕ್ಷರ, ಅರ್ಥ ಮಾತ್ರ ಬೇರೆ.